ಎಫ್‌ಐಟಿಸಿ ಆ್ಯಂಟಿಬಾಡಿ ಲಾಟ್‌ನ ದೋಷ: ಕೊನೆಯ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಫೋನಿನಲ್ಲಿ ಮರ್ಯಾದೆಯಿಂದ ಕೇಳಿದ್ದಾಯಿತು, ಮೇಲ್‌ಗೆ "ನಿಮ್ಮ ಅಭಿಪ್ರಾಯ ಅಮೂಲ್ಯ" ಎಂಬ ಉತ್ತರ ಬಂದದ್ದೂ ಆಯಿತು. ಇನ್ನು ಬರಹದಲ್ಲೇ ಆಗಲಿ.

ಇ. ಕೋಲೈ ಬ್ಯಾಕ್ಟೀರಿಯಾದ ಹೊರಪೊರೆಯ ಓಎಂಪಿ-ಎ ಪ್ರೋಟೀನ್ ಪತ್ತೆಗೆಂದು, ಎಫ್‌ಐಟಿಸಿ ಎಂಬ ಹಸಿರಾಗಿ ಹೊಳೆಯುವ ಬಣ್ಣ ಕಟ್ಟಿ ನೀವು ಕಳಿಸಿದ ಮೊಲದ ಪಾಲಿಕ್ಲೋನಲ್ ಆ್ಯಂಟಿಬಾಡಿ (ಗುರಿಯ ಪ್ರೋಟೀನಿಗೆ ಅಂಟಿ ಅದನ್ನು ತೋರಿಸಬೇಕಾದದ್ದು), ಆ ಜೀನನ್ನೇ ತೆಗೆದುಹಾಕಿದ ತಳಿಯ ಮೇಲೂ ಅಷ್ಟೇ ಹಸಿರಾಗಿ ಹೊಳೆಯುತ್ತಿದೆ. ಇಲ್ಲದ ಪ್ರೋಟೀನನ್ನೂ ಹುಡುಕಿಕೊಡುವ ಈ ವಿಶೇಷ ಸಾಮರ್ಥ್ಯ ನಿಮ್ಮ ಕೆಟಲಾಗಿನಲ್ಲಿ ಏಕೋ ನಮೂದಾಗಿಲ್ಲ. ಆ್ಯಂಟಿಬಾಡಿ ಹಾಕದ ಕೋಶಗಳೂ, ಬೇರೆ ಕಡೆಯಿಂದ ತರಿಸಿದ ಸಾಮಾನ್ಯ ಮೊಲದ ಐಜಿಜಿ-ಎಫ್‌ಐಟಿಸಿ (ಇದೇ ಬಣ್ಣ ಕಟ್ಟಿದ, ಓಎಂಪಿ-ಎ ಗುರಿಯಿಲ್ಲದ ಆ್ಯಂಟಿಬಾಡಿ) ಹಾಕಿದ ಕೋಶಗಳೂ ಕತ್ತಲೆಯಾಗಿಯೇ ಇವೆ.

ಕಾರಣ ನಿಮ್ಮ ವಯಲ್‌ನಲ್ಲೇ ಇದೆ. ಪಿಎಚ್ 8ರ ಬಫರ್‌ನಲ್ಲಿ ಅರ್ಧಕ್ಕೆ ತೆಳುಗೊಳಿಸಿ ಅದು ಹೀರುವ ಬೆಳಕನ್ನು ಅಳೆದಾಗ, ಪ್ರೋಟೀನ್ ಕಾಣುವ 280 ನ್ಯಾನೋಮೀಟರ್‌ನಲ್ಲಿ 0.66, ಬಣ್ಣ ಕಾಣುವ 495ರಲ್ಲಿ 1.20. 280ರ ರೀಡಿಂಗ್‌ನಲ್ಲಿ ಬಣ್ಣದ ಪಾಲಾದ 0.36 ಕಳೆದರೆ ಪ್ರೋಟೀನಿಗೆ ಉಳಿಯುವುದು 0.30. ಅಂದರೆ ವಯಲ್‌ನಲ್ಲಿ ಮಿಲಿಲೀಟರಿಗೆ ಸುಮಾರು 0.43 ಮಿಲಿಗ್ರಾಂ, ಲೇಬಲ್ ಹೇಳುವುದು 1. ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನ್) ಸೇರಿಸಿಲ್ಲವೆಂದು ನಿಮ್ಮ ಹಾಳೆಯೇ ಹೇಳುವುದರಿಂದ ಈ ಲೆಕ್ಕದಲ್ಲಿ ಅನುಮಾನಕ್ಕೆ ಜಾಗವಿಲ್ಲ. ಒಂದು ಆ್ಯಂಟಿಬಾಡಿಗೆ ಬಣ್ಣದ ಅಣುಗಳು 12. ನೀವೇ ಮುದ್ರಿಸಿದ ಮಿತಿ 3ರಿಂದ 6. ದೊಡ್ಡ ಅಣುಗಳನ್ನು ಮೊದಲು ಇಳಿಸುವ ಸೆಫಡೆಕ್ಸ್ ಜಿ-25 ಕಾಲಮ್ಮಿಗೆ ಹಾಕಿದರೆ ಆ್ಯಂಟಿಬಾಡಿ ಇಳಿದ ಮೇಲೂ ಹಳದಿ ಪಟ್ಟಿಯೊಂದು ಮೇಲೇ ಕೂತಿರುತ್ತದೆ: ತೊಳೆಯದೆ ಬಿಟ್ಟ ಬಿಡಿ ಬಣ್ಣ. ಅದನ್ನು ತೆಗೆದ ಮೇಲೂ ಅನುಪಾತ ಮಿತಿಯೊಳಗೆ ಬರುವುದಿಲ್ಲ. ಆ್ಯಂಟಿಬಾಡಿಯಲ್ಲಿ ಬಣ್ಣ ಕೂರುವ ಲೈಸಿನ್‌ಗಳ ಮೇಲೆ ಇಷ್ಟು ಹೇರಿದರೆ ಆ್ಯಂಟಿಬಾಡಿ ಕಂಡಕಂಡಲ್ಲಿ ಅಂಟಿಕೊಳ್ಳುತ್ತದೆ, ಬಣ್ಣ ತನ್ನ ಹೊಳಪನ್ನು ತಾನೇ ನುಂಗುತ್ತದೆ. ಇದು ನಿಮಗೆ ಗೊತ್ತಿಲ್ಲದ್ದಲ್ಲ.

ಇಷ್ಟನ್ನೂ ನಿಮ್ಮ ತಾಂತ್ರಿಕ ಸಲಹೆಗಾರರಿಗೆ ಓದಿ ಹೇಳಲಾಯಿತು. ಅವರ ಮೊದಲ ಪ್ರಶ್ನೆ: "ಮೈಕ್ರೋಸ್ಕೋಪಿನ ಲ್ಯಾಂಪ್ ಹಾಕಿದ್ದೀರಾ, ಮೇಡಂ?" ಹಾಕಿದ್ದೇವೆ ಎಂದೆ. "ಬ್ಲಾಕಿಂಗ್?" ಮಾಡಿದ್ದೇವೆ, ಆ್ಯಂಟಿಬಾಡಿ ಕಂಡಕಂಡಲ್ಲಿ ಅಂಟದಂತೆ ಬಿಎಸ್‌ಎ ಶೇ 3, ಅರ್ಧ ಗಂಟೆ. ಒಂದು ನಿಟ್ಟುಸಿರು. ಬಳಿಕ ಮಗುವಿಗೆ ತಿಳಿಹೇಳುವ ದನಿಯಲ್ಲಿ, "ನೋಡಿ, ನಿಮ್ಮ ಬ್ಯಾಕ್ಟೀರಿಯಾದ ಪ್ರೋಟೀನ್ ಎ ಆ್ಯಂಟಿಬಾಡಿಯ ಬಾಲ ಹಿಡಿಯುತ್ತದೆ. ಅದು ತುಂಬ ಬೇಸಿಕ್." ಪ್ರೋಟೀನ್ ಎ ಇರುವುದು ಸ್ಟ್ಯಾಫಿಲೊಕಾಕಸ್‌ನಲ್ಲಿ, ನಮ್ಮದು ಇ. ಕೋಲೈ ಎಂದೆ. ಮೌನ. ಕೀಬೋರ್ಡ್ ಸದ್ದು. "ಹಾಗಾದರೆ ನಿಮ್ಮ ಕಲ್ಚರಿನಲ್ಲಿ ಸ್ಟ್ಯಾಫ್ ಸೇರಿಕೊಂಡಿರಬಹುದು. ಸ್ವಚ್ಛತೆ ಕಡೆ ಗಮನ ಕೊಡಿ." ಸ್ಲೈಡಿನಲ್ಲಿ ಇರುವುದೆಲ್ಲ ಕಡ್ಡಿಗಳು, ಸ್ಟ್ಯಾಫ್‌ನಂತೆ ಒಂದೂ ಗುಂಡಗಿಲ್ಲ ಎನ್ನುವಷ್ಟರಲ್ಲಿ ಅವರು "ಇನ್ನೇನಾದರೂ ಸಹಾಯ ಬೇಕೇ?" ಎಂದು ಕೇಳಿ, ಕರೆಗೆ ರೇಟಿಂಗ್ ಕೊಡುವಂತೆ ವಿನಂತಿಸಿದರು. ಕೊಟ್ಟಿದ್ದೇನೆ, ಅದಕ್ಕಿಂತ ಕೆಳಗೆ ಅಂಕಿ ಇರಲಿಲ್ಲ.

ಅನುಪಾತ ಅಳೆದು ಬರೆದ ಪ್ರಮಾಣಪತ್ರದೊಂದಿಗೆ ಬೇರೆ ಲಾಟ್ ಕಳಿಸುವುದಿದ್ದರೆ ಕಳಿಸಿ. "ಅದೇ ಲಾಟ್‌ನ ಇನ್ನೊಂದು ವಯಲ್ ಉಚಿತ" ಎಂಬ ಔದಾರ್ಯ ಬೇಡ. ಒಂದು ವಾರದೊಳಗೆ ಲಿಖಿತ ಉತ್ತರ ಬರದಿದ್ದರೆ ಈ ರೀಡಿಂಗ್‌ಗಳು, ಕಾಲಮ್ಮಿನ ಫೋಟೋ, ಎರಡೂ ತಳಿಗಳ ಸ್ಲೈಡುಗಳು ಲಾಟ್ ಸಂಖ್ಯೆಯ ಸಮೇತ ನಿಮ್ಮ ಉತ್ಪನ್ನದ ವಿಮರ್ಶೆ ಪುಟಕ್ಕೂ, ನಮಗೆ ಪರಿಚಯವಿರುವ ಪ್ರತಿ ಲ್ಯಾಬಿನ ಖರೀದಿ ಸಮಿತಿಗೂ ಹೋಗುತ್ತವೆ. ಲ್ಯಾಂಪ್ ಹಾಕಿಯೇ ತೆಗೆದ ಫೋಟೋಗಳು ಎಂದು ಕೆಳಗೆ ಬರೆದಿರುತ್ತೇವೆ.

ಇತಿ,
ಪ್ರಯೋಗಾಲಯದ ಮುಖ್ಯಸ್ಥೆ