ಅಪ್ಪನಿಗೆ ಚಪ್ಪಲಿ ಹಾಕಲು ಹೇಳು

ಚಾಂಡ್ಲರ್, ಅರಿಜೋನಾ
10 ನವೆಂಬರ್ 2024

ಅಮ್ಮ,

ನಿನಗೂ ಅಪ್ಪನಿಗೂ ನಮಸ್ಕಾರ. ನಾವಿಬ್ಬರೂ ಕ್ಷೇಮ. ಪದ್ಮಕ್ಕನಿಗೆ, ಕೆಳಮನೆಯವರಿಗೆಲ್ಲ ಕೇಳಿದೆ ಅಂತ ಹೇಳು.

ಫೋನ್ ಇರುವಾಗ ಇವಳು ಕಾಗದ ಯಾಕೆ ಬರೆದಳು ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಿ ನೀವಿಬ್ಬರೂ ಮಾತು ಹಾರಿಸುತ್ತೀರಿ. ಅಪ್ಪ "ಊಟ ಆಯ್ತಾ, ಅಲ್ಲಿ ಚಳಿ ಬಂತಾ" ಅಂತ ಎರಡು ಮಾತು ಕೇಳಿ ಫೋನ್ ನಿನ್ನ ಕೈಗೆ ಕೊಡುತ್ತಾರೆ. ನೀನು ಗೌರಿ ಕರು ಹಾಕಿದ ಕಥೆ ತೆಗೆಯುತ್ತೀಯ. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವವರಿಲ್ಲ. ಬರೆದು, ಫೋಟೋ ತೆಗೆದು ಗಣಪನ ಫೋನಿಗೆ ಕಳಿಸುತ್ತೇನೆ. ಸಂಜೆ ಅಪ್ಪ ಜಗಲಿಯಲ್ಲಿ ಅಡಿಕೆ ಸುಲಿಯಲು ಕೂತಾಗ ಗಟ್ಟಿಯಾಗಿ ಓದು. ಎದ್ದು ಹೋಗಲು ಬಿಡಬೇಡ.

ಬುಧವಾರ ನೀನು ಕಳಿಸಿದ ವಾಯ್ಸ್ ಮೆಸೇಜು ಹನ್ನೊಂದು ನಿಮಿಷದ್ದು. ಮೂರು ಸಲ ಕೇಳಿದೆ. ಹಬ್ಬದ ಕಥೆ, ಎಲೆಚುಕ್ಕಿ ರೋಗ, ಸುಬ್ಬಣ್ಣ ಭಾವನ ಹೊಸ ಕಾರು, ಎಲ್ಲ ಆದ ಮೇಲೆ ಕೊನೆಯ ಅರ್ಧ ನಿಮಿಷದಲ್ಲಿ, "ಅಪ್ಪನ ಕಾಲಿಗೆ ಏನೋ ಚೂರು ಮುಳ್ಳು ತಾಗಿತ್ತು, ಈಗ ಅಡ್ಡಿಲ್ಲ." ಅಡ್ಡಿಲ್ಲ ಅನ್ನುವಾಗ ನಿನ್ನ ದನಿ ಸಣ್ಣದಾಯಿತು ಅಮ್ಮ. ನನಗೆ ಗೊತ್ತಾಗುವುದಿಲ್ಲವಾ?

ಇರಲಿ, ಅದಕ್ಕೆ ಬರುತ್ತೇನೆ. ಮೊದಲು ನೀನು ಕೇಳಿದ್ದಕ್ಕೆಲ್ಲ ಉತ್ತರ ಬರೆದು ಮುಗಿಸುತ್ತೇನೆ.

ಅಕ್ಕಿ ಸಿಗುತ್ತದೆ, ಸೋನಾ ಮಸೂರಿಯೇ. ಕರಿಬೇವು ಪ್ಲಾಸ್ಟಿಕ್ ಚೀಲದಲ್ಲಿ ಸಿಗುತ್ತದೆ, ಹತ್ತಿಪ್ಪತ್ತು ಎಲೆಗೆ ನಮ್ಮ ಒಂದು ಗಿಡದ ಬೆಲೆ. ನಾನು ಸೊರಗಿಲ್ಲ. ಒಬ್ಬಳೇ ಕೂತು ಅಳುವುದೂ ಇಲ್ಲ, ಪದ್ಮಕ್ಕನಿಗೆ ಯಾರು ಹಾಗೆ ಹೇಳಿದರೋ. ಕೆಲಸಕ್ಕೆ ಹೋಗಲು ನನ್ನ ವೀಸಾದಲ್ಲಿ ಅವಕಾಶವಿಲ್ಲ, ಅಷ್ಟೇ. ಹಾಗಾಗಿ ಕಿಟಕಿ ಹತ್ತಿರ ಕೂತು ಅಮೆರಿಕ ನೋಡುತ್ತೇನೆ.

ಟೈಮು ನಿನಗೆ ಇನ್ನೂ ಗೊಂದಲ ಅಂದೆಯಲ್ಲ, ಸುಲಭ. ಅಮೆರಿಕದಲ್ಲಿ ಜಾಸ್ತಿ ಕಡೆ ವರ್ಷಕ್ಕೆ ಎರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುತ್ತಾರೆ, ನಮ್ಮ ಅರಿಜೋನಾದವರು ಅದರ ಗೋಜಿಗೆ ಹೋಗುವುದಿಲ್ಲ. ವರ್ಷವಿಡೀ ನಿಮಗೂ ನಮಗೂ ಹನ್ನೆರಡೂವರೆ ಗಂಟೆ. ನಿಮ್ಮ ಗಡಿಯಾರದಲ್ಲಿ ಅರ್ಧ ಗಂಟೆ ಕಳೆದು, ಹಗಲನ್ನು ರಾತ್ರಿ ಮಾಡಿಕೋ, ಆಯಿತು.

ಇಲ್ಲಿ ಯಾರೂ ನಡೆಯುವುದಿಲ್ಲ. ಮೊದಲ ವಾರ ಹಾಲು ತರಲು ನಡೆದು ಹೊರಟೆ. ಒಬ್ಬ ಹೆಂಗಸು ಕಾರು ನಿಲ್ಲಿಸಿ, ಗಾಜು ಇಳಿಸಿ, "ನಿನಗೇನಾದರೂ ತೊಂದರೆಯಾ" ಅಂತ ಕೇಳಿದಳು. ಹಾಲು ತರುವುದು ತೊಂದರೆಯಲ್ಲ ಅಂತ ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ತಿಳಿಯದೆ ಸುಮ್ನೆ ನಕ್ಕೆ. ಒಳ್ಳೆಯ ಜನ ಅಮ್ಮ, ನಿಜ. ಆದರೆ ಶೂ ಹಾಕಿಕೊಂಡೇ ಸೋಫಾದ ಮೇಲೆ ಕಾಲು ಚಾಚುತ್ತಾರೆ. ನೀನಾಗಿದ್ದರೆ ಅಲ್ಲೇ ನೀರು ಚಿಮುಕಿಸುತ್ತಿದ್ದೆ.

ನರಕ ಚತುರ್ದಶಿಯ ದಿನವೇ ಇಲ್ಲಿ ಹ್ಯಾಲೋವೀನ್ ಬಂತು. ನಾವು ಹಬ್ಬಕ್ಕೆ ಮುಂಚೆ ಪೊರಕೆ ಹಿಡಿದು ಜೇಡರ ಬಲೆ ತೆಗೆಯುತ್ತೇವೆ. ಇಲ್ಲಿಯವರು ದುಡ್ಡು ಕೊಟ್ಟು ಜೇಡರ ಬಲೆ ತಂದು ಬಾಗಿಲಿಗೆ ಕಟ್ಟುತ್ತಾರೆ. ಎದುರು ಮನೆಯವರು ಒಂದು ಆಳೆತ್ತರದ ಅಸ್ಥಿಪಂಜರವನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಅದಕ್ಕೆ ಟೋಪಿ ಬೇರೆ. ಸಂಜೆ ದೆವ್ವದ ವೇಷದ ಮಕ್ಕಳು ಬಾಗಿಲು ತಟ್ಟಿದರು. ಮನೆಯಲ್ಲಿ ಮಿಠಾಯಿ ತಂದಿರಲಿಲ್ಲ, ನಾನು ಮಾಡಿದ ಕೊಬ್ಬರಿ ಬರ್ಫಿ ಕೊಡಲು ಹೋದೆ. ನಿನ್ನ ಅಳಿಯ ಒಳಗಿಂದ ಓಡಿ ಬಂದು ತಡೆದರು. ಮನೆಯಲ್ಲಿ ಮಾಡಿದ್ದನ್ನು ಗುರುತಿಲ್ಲದ ಮಕ್ಕಳಿಗೆ ಕೊಡಬಾರದಂತೆ. ನಮ್ಮೂರಲ್ಲಿ ಅಂಗಡಿಯದ್ದನ್ನು ಕೊಟ್ಟರೆ ಮಾತು ಬರುತ್ತದೆ, ಇಲ್ಲಿ ಉಲ್ಟಾ.

ಇನ್ನು ಸೆಕೆ. ಈ ವರ್ಷ ಮೇ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಪಕ್ಕದ ಫೀನಿಕ್ಸ್‌ನಲ್ಲಿ 113 ದಿನ ಬಿಡದೆ ನಮ್ಮ ಲೆಕ್ಕದ 38 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇತ್ತು. ನಾವು ಬಂದಿಳಿದದ್ದು ಅದರ ಬಾಲದಲ್ಲಿ. ಎರಡನೆಯ ದಿನವೇ ಒಂದು ನಾಯಿ ನೋಡಿದೆ. ನಾಲ್ಕು ಕಾಲಿಗೂ ಕೆಂಪು ಶೂ. ಡಾಂಬರಿನ ಬಿಸಿಗೆ ಕಾಲು ಸುಟ್ಟೀತು ಅಂತ ಹಾಕುತ್ತಾರಂತೆ. ಹೆಜ್ಜೆ ಎತ್ತೆತ್ತಿ ಇಟ್ಟು ಮದುಮಗನ ಹಾಗೆ ನಡೆಯುತ್ತಿತ್ತು. ನಾನು ನಗುತ್ತಾ ಇದ್ದವಳಿಗೆ ಅಪ್ಪನ ನೆನಪಾಯಿತು. ಇಲ್ಲಿ ನಾಯಿಗೂ ಶೂ ಇದೆ, ನಮ್ಮಪ್ಪ ಹದಿನೈದು ವರ್ಷದ ಶುಗರ್ ಇಟ್ಟುಕೊಂಡು ಬರಿಗಾಲಲ್ಲಿ ತೋಟದ ಕಾಲುವೆ, ಕಾದಿಗೆಯ ಕೆಸರಿಗೆ ಇಳಿಯುತ್ತಾರೆ.

ನೋಡು, ಮಾತು ಅಲ್ಲಿಗೇ ಬಂತು.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ, ಅಮೆರಿಕದವರೇ. ಅವರಿಗೂ ಶುಗರ್. ಹೋದ ವರ್ಷ ಜುಲೈಯಲ್ಲಿ ಕಸದ ಚೀಲ ಹಾಕಿ ಬರಲು ಬರಿಗಾಲಲ್ಲಿ ಹೋದರಂತೆ. ಐವತ್ತು ಹೆಜ್ಜೆ ಇರಬಹುದು. ಒಳಗೆ ಬಂದು ಟಿವಿ ನೋಡುತ್ತಾ ಕೂತಿದ್ದರಂತೆ. ಬಿಳಿ ಟೈಲ್ಸ್ ಮೇಲೆ ಗುರುತು ಕಂಡ ಮೇಲೇ ಗೊತ್ತಾದದ್ದು, ಅಂಗಾಲು ಬೆಂದಿತ್ತು. ಉರಿಯೇ ಗೊತ್ತಾಗಲಿಲ್ಲ ಅಂದರು. ಶುಗರಿನವರಿಗೆ ಕಾಲಿನ ನರ ಸಾಯುವುದುಂಟು, ಆಗ ನೋವು ತಿಳಿಯುವುದಿಲ್ಲ. ಅವರ ಎರಡು ಬೆರಳು ಹೋಗಿವೆ. ಈಗ ದಿನಾ ರಾತ್ರಿ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಂಡು ಮಲಗುತ್ತಾರೆ.

ಅಪ್ಪ "ನೋವೇ ಇಲ್ಲ ಮಾರಾಯ್ತಿ, ಯಾಕೆ ಡಾಕ್ಟರು" ಅನ್ನುತ್ತಾರಲ್ಲ, ನನಗೆ ಹೆದರಿಕೆಯಾಗುವುದು ಆ ಮಾತಿಗೇ. ನೋವಿದ್ದಿದ್ದರೆ ಒಳ್ಳೆಯದಿತ್ತು.

ಇರು, ನಿನ್ನೆಯ ಕಥೆ ಹೇಳುತ್ತೇನೆ. ನಿನ್ನೆ ಗ್ರ್ಯಾಂಡ್ ಕ್ಯಾನ್ಯನ್ ಅನ್ನುವ ದೊಡ್ಡ ಕಣಿವೆಗೆ ಹೋಗಿದ್ದೆವು. ಶುಕ್ರವಾರ ರಾತ್ರಿ ಫ್ಲಾಗ್‌ಸ್ಟಾಫ್ ಅನ್ನುವ ಊರಲ್ಲಿ ಉಳಿದೆವು. ದಾರಿಯೇ ಒಂದು ಚೆಂದ. ಕೆಳಗೆ ಮರುಭೂಮಿ, ಸವಾರೊ ಅನ್ನುವ ಕಳ್ಳಿ ತೆಂಗಿನ ಮರದಷ್ಟು ಎತ್ತರ ನಿಂತಿರುತ್ತದೆ. ಅದಕ್ಕೆ ಮೊದಲ ಕೈ ಮೂಡಲು 50ರಿಂದ 75 ವರ್ಷ ಬೇಕಂತೆ, ಅನುಮತಿ ಇಲ್ಲದೆ ಕಡಿದರೆ ಕೇಸು. ಘಾಟಿ ಹತ್ತಿದ ಹಾಗೆ ಕಳ್ಳಿ ಮಾಯ, ಹುಲ್ಲುಗಾವಲು, ಆಮೇಲೆ ಪೈನ್ ಕಾಡು. ಎರಡೂವರೆ ಗಂಟೆಯಲ್ಲಿ ಬೇಸಿಗೆಯಿಂದ ಚಳಿಗಾಲ. ಫ್ಲಾಗ್‌ಸ್ಟಾಫ್ 2,100 ಮೀಟರ್ ಎತ್ತರದಲ್ಲಿದೆ. ನೀನು ಕೊಟ್ಟ ಶಾಲು ಹೊದ್ದೆ, ಹೆಮ್ಮೆಯಿಂದ.

ಕ್ಯಾನ್ಯನ್ ಒಳಗೆ ಬಿಡಲು ನಮ್ಮ ಕಾರಿಗೆ 35 ಡಾಲರ್ ತೆಗೆದುಕೊಂಡರು. ಸೋಮವಾರ ಮಾಜಿ ಸೈನಿಕರ ದಿನ, ಅವತ್ತು ಪುಕ್ಕಟೆಯಂತೆ. ಇದು ಗೇಟಿನಲ್ಲಿ ಗೊತ್ತಾಗಿ ಇವರು ವಾಪಸ್ ಬರುವವರೆಗೂ ಅದನ್ನೇ ಹೇಳುತ್ತಿದ್ದರು.

ಅಮ್ಮ, ಅದನ್ನು ಹೇಗೆ ಹೇಳಲಿ. ಜೋಗವನ್ನು ಮನಸ್ಸಿಗೆ ತಂದುಕೋ. ಒಂದರ ಮೇಲೊಂದು ಏಳು ಜೋಗ ಇಟ್ಟರೆ ಎಷ್ಟೋ ಅಷ್ಟು ಆಳ. ಅಗಲ ಇರುವ ಕಡೆ ಈ ಅಂಚಿನಿಂದ ಆ ಅಂಚಿಗೆ 29 ಕಿಲೋಮೀಟರ್, ಅಂದರೆ ಸಾಗರದ ಪೇಟೆಯಿಂದ ಜೋಗದವರೆಗೆ ಬರೀ ಗಾಳಿ. ಉದ್ದ 446 ಕಿಲೋಮೀಟರ್, ಸಾಗರದಿಂದ ಹೊರಟರೆ ಬೆಂಗಳೂರೂ ದಾಟುತ್ತದೆ. ಇಷ್ಟನ್ನು ಕೊರೆದ ಕೊಲರಾಡೋ ನದಿ ಮೇಲಿನಿಂದ ಕಂಡರೆ ಒಂದು ದಾರದೆಳೆ. ಸದ್ದೂ ಇಲ್ಲ. ಜೋಗದಲ್ಲಿ ಸದ್ದು ಮೊದಲು ಬರುತ್ತದೆ ಅಲ್ವಾ, ಇಲ್ಲಿ ಏನೂ ಕೇಳುವುದಿಲ್ಲ. ಕೆಂಪು ಬಂಡೆಯ ಪದರದ ಮೇಲೆ ಪದರ, ನೋಡಿದಷ್ಟೂ ದೂರ.

ಅಪ್ಪನಿಗೆ ಹೇಳು, ಅದರೊಳಗೆ ವಿಷ್ಣು ದೇವಸ್ಥಾನ ಇದೆ! ನಿಜ ದೇವಸ್ಥಾನವಲ್ಲ, ಗೋಪುರದ ಆಕಾರದ ಬೆಟ್ಟ. 1880ರ ಸುಮಾರಿಗೆ ಡಟನ್ ಅನ್ನುವ ಭೂವಿಜ್ಞಾನಿ ಇಲ್ಲಿನ ಶಿಖರಗಳಿಗೆ ವಿಷ್ಣು ಟೆಂಪಲ್, ಶಿವ ಟೆಂಪಲ್ ಅಂತ ಹೆಸರಿಟ್ಟ. ಬ್ರಹ್ಮ, ಬುದ್ಧನ ಹೆಸರಿನವೂ ಇವೆ. ಪೂಜೆಯಿಲ್ಲ, ಭಟ್ಟರಿಲ್ಲ. ತಳದ ಕಪ್ಪು ಬಂಡೆಗೂ ವಿಷ್ಣುವಿನ ಹೆಸರೇ, ಸುಮಾರು 170 ಕೋಟಿ ವರ್ಷ ಹಳೆಯದು. ಇವರು ಅದನ್ನು ನನಗೆ ದೊಡ್ಡದಾಗಿ ಓದಿ ಹೇಳಿದರು. ನಮ್ಮ ಲಾಲ್‌ಬಾಗಿನ ಬಂಡೆಗೆ 300 ಕೋಟಿ ಅಂತ ಬೋರ್ಡಿದೆ, ಅದಕ್ಕೆ 35 ಡಾಲರ್ ಕೇಳಲ್ಲ ಅಂದೆ. ಸುಮ್ಮನಾದರು.

ಅಷ್ಟರಲ್ಲಿ ಫೋನಿಗೆ ಸಿಗ್ನಲ್ ಬಂತು. ಗಣಪನ ಫೋಟೋ.

ಅವನಿಗೆ ಬೈಯಬೇಡಿ. ಅಪ್ಪ ಮಲಗಿದ ಮೇಲೆ ಕಂಬಳಿ ಸರಿಸಿ, ಟಾರ್ಚ್ ಬಿಟ್ಟು ತೆಗೆದದ್ದು. ನನ್ನ ಸುತ್ತ ಎಲ್ಲರೂ ಕಣಿವೆ ನೋಡುತ್ತಿದ್ದರು, ನಾನು ಕಂಬಿಗೆ ಬೆನ್ನು ಕೊಟ್ಟು ನಿಂತು ಅಪ್ಪನ ಹೆಬ್ಬೆರಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಬೆರಳಿನ ಬುಡದಲ್ಲಿ ನಾಲ್ಕಾಣೆ ಅಗಲದ ಗಾಯ. ನಡುವೆ ಹಳದಿ, ಸುತ್ತ ದಪ್ಪ ಬಿಳಿ ಚರ್ಮ, ಒಂದು ಕಡೆ ಕಪ್ಪು. ಮೇಲೆ ನಿನ್ನ ಅರಿಶಿನ. ಎಷ್ಟು ದಿನವಾಯಿತು ಅಂತ ಕೇಳಿದರೆ ಐದು ವಾರ ಅಂದ. ಬಟ್ಟೆ ಬಿಚ್ಚಿ ಮುಟ್ಟಿದರೂ ಅಪ್ಪನಿಗೆ ಎಚ್ಚರವಾಗಲಿಲ್ಲ ಅಂದ.

ಆಮೇಲೆ ನಾನು ಏನು ನೋಡಿದೆನೋ ನೆನಪಿಲ್ಲ. ಕಡವೆಯ ಹಾಗಿನ ದೊಡ್ಡ ಎಲ್ಕ್ ರಸ್ತೆ ದಾಟಿತು, ಅಳಿಲಿಗೆ ತಿಂಡಿ ಹಾಕಬೇಡಿ ಕಚ್ಚುತ್ತದೆ ಅಂತ ಬೋರ್ಡು ಇತ್ತು. ಅಷ್ಟೇ.

ಅಪ್ಪ, ಇದು ನಿಮಗೆ. ಅಡಿಕೆ ಕೊನೆ ಕೊಯ್ಲು ಮುಗಿಯಲಿ ಅನ್ನುತ್ತೀರಂತೆ. ಮರ ಹತ್ತಿ ಕೊಯ್ಯುವ ಕೊನೆಗೌಡ ಸಿಗುವುದೇ ಕಷ್ಟ, ಸಿಕ್ಕಾಗ ಬಿಡಬಾರದು, ಎಲ್ಲ ಗೊತ್ತು. ಗಣಪ ಇದ್ದಾನೆ, ಸುಬ್ಬಣ್ಣ ಭಾವ ಎರಡು ದಿನ ಬಂದು ನಿಲ್ಲುತ್ತಾರೆ, ನಾನು ಮಾತಾಡಿದ್ದೇನೆ. ಒಂದು ದಿನ ಅಡಿಕೆ ತಡವಾಗಿ ಬೆಂದರೆ ಏನೂ ಆಗುವುದಿಲ್ಲ. ನಮ್ಮೂರ ಕೆಳಮನೆ ಅಜ್ಜನ ಕಾಲಿನದೂ ಹೆಬ್ಬೆರಳಿಂದಲೇ ಶುರುವಾಗಿದ್ದು, ನಾನು ಹೇಳಬೇಕಾ? ಸೋಮವಾರ ಶಿವಮೊಗ್ಗಕ್ಕೆ ಹೋಗಿ. ಬರೀ ಗಾಯ ಕಟ್ಟಿಸಿಕೊಂಡು ಬರಬೇಡಿ. ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ನೋಡಲು ಡಾಪ್ಲರ್ ಮಾಡಿಸಬೇಕಾ, ಮೂಳೆಗೆ ಇಳಿದಿದೆಯಾ ನೋಡಲು ಎಕ್ಸ್‌ರೇ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಮೂರು ತಿಂಗಳ ಸರಾಸರಿ ಶುಗರ್ ರಿಪೋರ್ಟು ಒಯ್ಯಿರಿ. ಅವರು ಮಣಿಪಾಲಕ್ಕೆ ಅಂದರೆ ಮಣಿಪಾಲಕ್ಕೆ. ನಿಮ್ಮ ಅಳಿಯ ದುಡ್ಡು ಆಗಲೇ ಗಣಪನ ಖಾತೆಗೆ ಹಾಕಿದ್ದಾರೆ, ಬೇಡ ಅನ್ನಬೇಡಿ, ವಾಪಸ್ ಕಳಿಸಿದರೆ ನನಗೆ ಇಲ್ಲಿ ತಲೆ ಎತ್ತಲು ಆಗುವುದಿಲ್ಲ.

ಅಮ್ಮ, ಅರಿಶಿನ ನಿಲ್ಲಿಸು. ಬಿಸಿನೀರಲ್ಲಿ ಕಾಲು ಅದ್ದಿಸುವುದೂ ಬೇಡ, ಬಿಸಿ ಅವರಿಗೆ ಗೊತ್ತಾಗುವುದಿಲ್ಲ. ಬಚ್ಚಲಿನ ಕನ್ನಡಿ ಇಳಿಸಿ ಮಂಚದ ಹತ್ತಿರ ನೆಲದಲ್ಲಿಡು. ಗಾಯ ಮಾಗಿದ ಮೇಲೆ ಶುಗರಿನವರಿಗೆ ಅಂತಲೇ ಎಂಸಿಆರ್ ಚಪ್ಪಲಿ ಬರುತ್ತದೆ, ಡಾಕ್ಟರು ಬರೆದು ಕೊಡುತ್ತಾರೆ, ಅದನ್ನು ಮನೆಯೊಳಗೂ ಹಾಕಲಿ. ಹೌದು, ಒಳಗೂ. ದೇವರ ಮನೆ ಬಿಟ್ಟು. ಅಮೆರಿಕದವರು ಸೋಫಾದ ಮೇಲೇ ಹಾಕುತ್ತಾರೆ, ನೀನು ಅಡುಗೆಮನೆ ಬಾಗಿಲವರೆಗೆ ಬಿಟ್ಟರೆ ಮೈಲಿಗೆ ಆಗಲ್ಲ.

ನೀನು ಹೆದರಬೇಡ. ಏನೂ ಆಗಿಲ್ಲ. ಬೇಗ ತೋರಿಸಿದರೆ ಮಾಗುತ್ತದೆ. ಇಲ್ಲಿಯ ಕೆಳಗಿನ ಮನೆ ಅಜ್ಜನೂ ಈಗ ಚೆನ್ನಾಗಿ ಓಡಾಡುತ್ತಾರೆ. ಏನೇನೂ ಆಗುವುದಿಲ್ಲ, ನಾನು ಹೇಳುತ್ತಿದ್ದೇನಲ್ಲ. ನನಗೂ ಗಾಬರಿ ಇಲ್ಲ. ಸುಮ್ನೆ ಬರೆದೆ. ಹಾಗೇನಾದರೂ ಇದ್ದರೆ ಟಿಕೆಟ್ ನೋಡಿದ್ದೇನೆ, ದೋಹಾ ಮೇಲಿಂದ ಬರಬಹುದು, ಆದರೆ ಅದೆಲ್ಲ ಬೇಕಾಗುವುದಿಲ್ಲ ಬಿಡು.

ಕುಕ್ಕರ್ ನಾಲ್ಕು ಸಲ ಕೂಗಿತು, ಇವರು ಕರೆಯುತ್ತಿದ್ದಾರೆ. ನಿಮ್ಮಲ್ಲಿ ಸೋಮವಾರ ಬೆಳಗಾಗುವ ಮೊದಲು ಕಳಿಸಬೇಕು. ಸಂಜೆ ತನಕ ಕಾಯಬೇಡ ಅಮ್ಮ, ಬೆಳಿಗ್ಗೆ ಕಾಫಿಗೆ ಕೂತಾಗಲೇ ಓದು.

ನಿನ್ನ
ಶಾರದೆ

ಡಿಸೆಂಬರಿನಲ್ಲಿ ಇವರ ಸ್ನೇಹಿತರು ಊರಿಗೆ ಬರುತ್ತಾರೆ. ಅವರ ಕೈಯಲ್ಲಿ ಬಿಳಿ ಸಾಕ್ಸ್ ಕಳಿಸುತ್ತೇನೆ, ರಕ್ತ ಜಿನುಗಿದರೆ ಬಿಳಿಯಲ್ಲಿ ಕಾಣುತ್ತದೆ. ತೋಟಕ್ಕೆ ಶೂ ಕೂಡ. ಕಾಗದದ ಮೇಲೆ ಅಪ್ಪನ ಪಾದ ಇಡಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಕಳಿಸು. ಎರಡೂ ಕಾಲಿನದು.