ವೇಗದ ಜೊತೆಗೆ ಫೈಬರಿನ ಬೆಳಕನ್ನೂ ಅಳೆಯಲಿ

ಮಾನ್ಯರೇ,

ಮಳೆಗಾಲ ಬಂತೆಂದರೆ ಕೊಡಗಿನ ಹಳ್ಳಿಗಳಲ್ಲಿ ಮನೆಯ ಇಂಟರ್‌ನೆಟ್ ಪದೇ ಪದೇ ಕಡಿದುಹೋಗುತ್ತದೆ. ದೂರು ಕೊಟ್ಟರೆ ಬರುವ ಸಿಬ್ಬಂದಿ ಮೊಬೈಲಿನಲ್ಲಿ ವೇಗ ಪರೀಕ್ಷಿಸಿ, ಪ್ಲಾನಿನಷ್ಟು ವೇಗ ಬರುತ್ತಿದೆ ಎಂದು ತೋರಿಸಿ ದೂರನ್ನು ಮುಗಿಸಿಬಿಡುತ್ತಾರೆ. ಈ ಕ್ರಮ ಬದಲಾಗಬೇಕು.

ತಾಮ್ರದ ತಂತಿಯ ಕಾಲದಲ್ಲಿ ವೇಗ ನೋಡಿದರೆ ಲೈನಿನ ಸ್ಥಿತಿ ತಿಳಿಯುತ್ತಿತ್ತು. ಆ ತಂತಿಯಲ್ಲಿ ಇಂಟರ್‌ನೆಟ್ ಕೊಡುತ್ತಿದ್ದ ಎಡಿಎಸ್‌ಎಲ್2+ ತಂತ್ರಜ್ಞಾನದ ಗರಿಷ್ಠ ವೇಗ 24 ಎಂಬಿಪಿಎಸ್ ಆದರೂ, ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದೂರದ ಮನೆಗೆ ಅದರಲ್ಲಿ ಸ್ವಲ್ಪವಷ್ಟೇ ತಲುಪುತ್ತಿತ್ತು. ಜಾಯಿಂಟಿಗೆ ನೀರಿಳಿದು ಸಿಗ್ನಲ್ ಕೆಟ್ಟರೆ ಮೋಡೆಮ್ ಮರುಸಂಪರ್ಕಗೊಳ್ಳುವಾಗ ವೇಗವನ್ನು ತಗ್ಗಿಸಿಕೊಳ್ಳುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಮಾಹಿತಿ ಸಾಗಿಸುವ ಫೈಬರ್ ಹಾಗಲ್ಲ. ಮನೆಗೆ ತಲುಪುವ ಬೆಳಕು ಕ್ಷೀಣಿಸುತ್ತಿದ್ದರೂ, ಅದು ಒಂದು ಮಿತಿಗಿಂತ ಮೇಲಿರುವವರೆಗೆ ವೇಗ ಪೂರ್ತಿಯಾಗಿಯೇ ಇರುತ್ತದೆ. ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಸಾಮಾನ್ಯ ಜಿಪಾನ್ ಸಂಪರ್ಕದಲ್ಲಿ ಆ ಮಿತಿ ಸುಮಾರು ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ). ಅದಕ್ಕಿಂತ ಕೆಳಗಿಳಿದರೆ ದೋಷಗಳು ಏರಿ, ಮೋಡೆಮಿನಲ್ಲಿ ಕೆಂಪು ದೀಪ ಹತ್ತಿ ಸಂಪರ್ಕವೇ ನಿಲ್ಲುತ್ತದೆ. ಮೈನಸ್ 26ರಲ್ಲಿರುವ ಲೈನು ಬಿಸಿಲಿನ ದಿನ ವೇಗ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ, ಗಾಳಿಗೆ ಕೇಬಲ್ ಬಾಗಿದೊಡನೆ ಸಾಯುತ್ತದೆ.

ನಮ್ಮಲ್ಲಿ ಕೇಬಲ್ಲು ಕಂಬದಿಂದ ಕಂಬಕ್ಕೆ, ಕಂಬವಿಲ್ಲದೆಡೆ ತೋಟದ ಸಿಲ್ವರ್ ಓಕ್ ಮರಗಳ ಮೇಲೆ ಹಾದುಬರುತ್ತದೆ. ಕೊಂಬೆ ಬಿದ್ದು ತುಂಡಾದಾಗಲೆಲ್ಲ ಅವಸರದಲ್ಲಿ ಜೋಡಿಸಲಾಗುತ್ತದೆ. ಸರಿಯಾಗಿ ಕೂರದ ಒಂದೊಂದು ಜೋಡಣೆ, ಬಿಗಿಯಾದ ಒಂದೊಂದು ತಿರುವು, ಕೊಳೆಯಾದ ಒಂದೊಂದು ಕನೆಕ್ಟರ್ ಸ್ವಲ್ಪ ಸ್ವಲ್ಪವಾಗಿ ಬೆಳಕನ್ನು ತಿನ್ನುತ್ತದೆ. ಒಟ್ಟು ನಷ್ಟ 3 ಡೆಸಿಬೆಲ್ ಹೆಚ್ಚಿದರೆ ತಲುಪುವ ಬೆಳಕು ಅರ್ಧಕ್ಕಿಳಿಯುತ್ತದೆ. ಇಷ್ಟಾದರೂ ವೇಗ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ.

ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ವೈಫೈ ಕುಗ್ಗುವುದೂ ಉಂಟು, ಆಗ ಲೈನನ್ನು ದೂರುವುದು ನ್ಯಾಯವಲ್ಲ. ಆದರೆ ಅದನ್ನು ಬೇರ್ಪಡಿಸಿ ನೋಡುವುದಕ್ಕೂ ಲೈನಿನ ಅಳತೆಯೇ ಬೇಕು.

ಆದ್ದರಿಂದ ಕಂಪನಿಗಳು ಸಂಪರ್ಕ ಕೊಡುವ ದಿನ ಹಾಗೂ ಪ್ರತಿ ದುರಸ್ತಿಯ ನಂತರ ಪವರ್ ಮೀಟರಿನಿಂದ ಮನೆಯಲ್ಲೇ ಬೆಳಕಿನ ಮಟ್ಟವನ್ನು ಅಳೆದು, ಆ ಅಂಕಿಯನ್ನು ದೂರಿನ ದಾಖಲೆಯಲ್ಲಿ ಬರೆದು ಗ್ರಾಹಕರಿಗೂ ಕೊಡಬೇಕು. ಮೀಟರ್ ಸಿಬ್ಬಂದಿಯ ಚೀಲದಲ್ಲಿಯೇ ಇರುತ್ತದೆ, ಅಳತೆಗೆ ಕೆಲವೇ ನಿಮಿಷ ಸಾಕು. ಮೊಬೈಲ್ ಸಿಗ್ನಲ್ ಸಿಗದ ತಗ್ಗಿನ ಊರುಗಳಲ್ಲಿ ಮಕ್ಕಳ ಓದು, ಮನೆಯಿಂದಲೇ ದುಡಿಯುವವರ ಕೆಲಸ, ತುರ್ತಿಗೆ ವೈದ್ಯರಿಗೆ ಮಾಡುವ ಕರೆ ಎಲ್ಲವೂ ಈ ಒಂದು ಎಳೆಯನ್ನೇ ನೆಚ್ಚಿವೆ. ಮೈನಸ್ 25ಕ್ಕಿಂತ ಕೆಳಗಿರುವ ಲೈನುಗಳನ್ನು ಗುರುತಿಸಿ, ಜೂನ್ ಮಳೆಗೆ ಮುನ್ನ ಅವುಗಳ ಜೋಡಣೆಗಳನ್ನು ಹೊಸದಾಗಿ ಮಾಡಿಸಬೇಕೆಂದು ಕೋರುತ್ತೇನೆ.

– ಕಾಫಿ ಬೆಳೆಗಾರ, ನಾಪೋಕ್ಲು