ಭಾನುವಾರ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಬರೆಯೋಣ, ಬನ್ನಿ

ಎಲ್ಲರಿಗೂ ನಮಸ್ಕಾರ.

ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಹರಿಯುವ ಕೆರೆಗಳ ನೀರಿನ ಪರೀಕ್ಷಾ ವರದಿ ಕೇಳಿ ಸಣ್ಣ ನೀರಾವರಿ ಇಲಾಖೆಗೆ ಅರ್ಜಿ ಹಾಕಬೇಕಿದೆ. ಭಾನುವಾರ ಬೆಳಿಗ್ಗೆ 10ಕ್ಕೆ ಕೋಲಾರದಲ್ಲಿ, ಮಾಮೂಲಿ ಜಾಗ. ಲಕ್ಷ್ಮೀಸಾಗರ, ನರಸಾಪುರ ಕಡೆಯವರು ತಪ್ಪದೆ ಬನ್ನಿ.

ತಲಾ 10 ರೂಪಾಯಿಯ ಪೋಸ್ಟಲ್ ಆರ್ಡರ್ ತನ್ನಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಊರ ದೂರನ್ನೆಲ್ಲ ತುರುಕಿದರೆ ವಾಪಸ್ ಬರುತ್ತೆ. ‘ಯಾಕೆ’ ಅಂತ ಕೇಳಬೇಡಿ, ದಾಖಲೆ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ಬಂದ ಉತ್ತರದ ಪೂರ್ತಿ ಪ್ರತಿಯನ್ನೇ ಪತ್ರಕರ್ತರಿಗೆ ಕೊಡೋಣ, ನಮ್ಮ ಸಾರಾಂಶ ಬೇಡ. ಪರಿಶೀಲಿಸೋದು ಅವರ ಕೆಲಸ. ಇಲಾಖೆಯ ಮಾತನ್ನೂ ಅವರು ಹಾಕಿದರೆ ಮುನಿಸು ಯಾಕೆ?

ಬರುವವರು ಶುಕ್ರವಾರದೊಳಗೆ ನಿಮ್ಮ ಕೆರೆಯ ಹೆಸರು ಇಲ್ಲಿ ಹಾಕಿ.